ಹಳ್ಳಿಗುಡಿಗೆ ಹೋಗಿ ಬಂದವರಾರು?

ಪತ್ರಿಕೆಗಳಿಗೆ ಇನ್ನು ಬರೆಯುವವರೇ ಬೇಕಿಲ್ಲ, ಕೃತಕ ಬುದ್ಧಿಮತ್ತೆಯ ಯಂತ್ರ ಆ ಕೆಲಸವನ್ನು ಕ್ಷಣಾರ್ಧದಲ್ಲಿ ಮುಗಿಸುತ್ತದೆ ಎಂಬ ಮಾತು ಈಗ ವಿದ್ಯಾವಂತರ ಬಾಯಿಂದಲೇ ಕೇಳಿಬರುತ್ತಿದೆ. 2023ರ ಜುಲೈಯಲ್ಲಿ ಪವರ್ ಟಿವಿ ‘ಸೌಂದರ್ಯ’ ಎಂಬ ಯಂತ್ರನಿರ್ಮಿತ ವಾರ್ತಾವಾಚಕಿಯನ್ನು ಕನ್ನಡಿಗರ ಮುಂದೆ ನಿಲ್ಲಿಸಿತು. ಆಕೆಗೆ ಊಟ ಬೇಡ, ನಿದ್ದೆ ಬೇಡ, ಸಂಬಳ ಬೇಡ ಎಂದು ಹಿಗ್ಗುವವರಿದ್ದಾರೆ. ಇರಲಿ. ಆದರೆ ಆಕೆ ಓದಿದ ಸುದ್ದಿ ಸುಳ್ಳಾದರೆ ನಾವು ಯಾರನ್ನು ಕೇಳಬೇಕು?

ನಾನು ಯಂತ್ರದ್ವೇಷಿಯಲ್ಲ. ಗದಗಿನ ಮಾರುಕಟ್ಟೆಯ ಹೆಸರುಕಾಳಿನ ಧಾರಣೆಯನ್ನು ಯಂತ್ರ ಜೋಡಿಸಿ ಕೊಟ್ಟರೆ ಯಾರ ಗಂಟೂ ಹೋಗದು. ನನ್ನ ತಕರಾರು ಬೇರೆ. ಈ ಯಂತ್ರ ಮಾಡುವುದಿಷ್ಟೆ: ಈಗಾಗಲೇ ಬರೆದಿಟ್ಟ ಬರಹದ ರಾಶಿಯಿಂದ, ಯಾವ ಮಾತಿನ ಹಿಂದೆ ಯಾವ ಮಾತು ಬರುವ ಸಂಭವ ಹೆಚ್ಚೆಂದು ಎಣಿಸಿ ವಾಕ್ಯ ಹೊಸೆಯುವುದು. ಸುದ್ದಿಯೆಂದರೆ ಇನ್ನೂ ಯಾರೂ ಬರೆಯದಿರುವ ಸಂಗತಿ. ಅದು ಯಂತ್ರಕ್ಕೆ ಎಲ್ಲಿಂದ ಸಿಕ್ಕೀತು? ಸಿಗದಿದ್ದಾಗ ಅದು ಸುಮ್ಮನಿರುವುದಿಲ್ಲ, ಕಟ್ಟಿ ಹೇಳುತ್ತದೆ.

2025ರ ಮೇ ತಿಂಗಳಲ್ಲಿ ಅಮೆರಿಕದ ‘ಶಿಕಾಗೋ ಸನ್-ಟೈಮ್ಸ್’ ಪತ್ರಿಕೆಯ ಪುರವಣಿಯಲ್ಲಿ ಬೇಸಗೆಯಲ್ಲಿ ಓದಬೇಕಾದ 15 ಪುಸ್ತಕಗಳ ಪಟ್ಟಿ ಬಂತು. ಅದರಲ್ಲಿ 10 ಪುಸ್ತಕಗಳು ಈ ಲೋಕದಲ್ಲೇ ಇರಲಿಲ್ಲ! ಲೇಖಕರ ಹೆಸರು ನಿಜ, ಕೃತಿ ಯಂತ್ರದ ಕಲ್ಪನೆ. ಪ್ರಸಿದ್ಧ ಲೇಖಕರಾದ್ದರಿಂದ ಓದುಗರು ಕೂಡಲೇ ಹಿಡಿದರು. ಇದೇ ಸುಳ್ಳು ಮುಂಡರಗಿಯ ಬಗೆಗೋ ಶಿರಹಟ್ಟಿಯ ಬಗೆಗೋ ಅಚ್ಚಾದರೆ ಬೆಂಗಳೂರಿನಲ್ಲಿ ಕುಳಿತು ಹಿಡಿಯುವವರು ಯಾರು? ಹಿಡಿಯಬಲ್ಲವನು ಆ ತಾಲ್ಲೂಕಿನ ವರದಿಗಾರನೊಬ್ಬನೇ. ಖರ್ಚು ಉಳಿಸಲು ಹೊರಟವರ ಕಣ್ಣು ಮೊದಲು ಬೀಳುವುದೂ ಅವನ ಮೇಲೆಯೇ.

2011ನ್ನು ನೆನೆಯಿರಿ. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಭೂಮಿ ಕೊಡಲೊಲ್ಲೆವೆಂದು ರೈತರು ತಿರುಗಿಬಿದ್ದರು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಅವರ ಮುಂದೆ ನಿಂತರು. ಅದೇ ವರ್ಷ ಸರಕಾರ ಭೂಸ್ವಾಧೀನವನ್ನು ಕೈಬಿಟ್ಟಿತು. ಹೋರಾಟಕ್ಕೆ ಮುಂಚೆ ಕಾಗದದ ಮೇಲಿದ್ದುದು ಹೆಚ್ಚಾಗಿ ಸರಕಾರದ ಘೋಷಣೆ, ಬಂಡವಾಳದ ಲೆಕ್ಕ, ಉದ್ಯೋಗದ ಭರವಸೆ. ಅಂದು ಈ ಯಂತ್ರವಿದ್ದಿದ್ದರೆ ಅದನ್ನೇ ಅರೆದು ಸೊಗಸಾದ ಅಗ್ರಲೇಖನ ಬರೆಯುತ್ತಿತ್ತು. ರೈತನ ಮನಸ್ಸು ಕಾಗದದ ಮೇಲಿರಲಿಲ್ಲ, ಅವನ ಹೊಲದ ಬದುವಿನಲ್ಲಿತ್ತು. ಅದನ್ನು ಅರಿಯಲು ಕಾಲು ಸವೆಸಿ ಹಳ್ಳಿಗುಡಿಗೆ ಹೋಗಬೇಕಿತ್ತು.

ಭಾಷೆಯ ಮಾತೂ ಇದೆ. ಕ್ರಿ.ಶ. 941ರ ಸುಮಾರಿನಲ್ಲಿ ಪಂಪನು ತನ್ನ ಭಾರತವನ್ನು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಹೇಳಿದೆನೆಂದು ಹೆಮ್ಮೆಪಟ್ಟನು. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಮಹಾಕವಿಗೂ ತಿರುಳು ಸಿಕ್ಕಿದ್ದು ಒಂದು ನೆಲದ ಜನರ ನುಡಿಯಲ್ಲಿ. ಯಂತ್ರದ ಕನ್ನಡಕ್ಕೆ ಊರೇ ಇಲ್ಲ. ವ್ಯಾಕರಣ ತಪ್ಪದಿರಬಹುದು, ಆದರೆ ಬೆಟಗೇರಿಯ ನೇಕಾರನ ಮಾತಿಗೂ ಮಂತ್ರಿಗಳ ಭಾಷಣಕ್ಕೂ ಅದು ಒಂದೇ ಸಪ್ಪೆ ಕನ್ನಡ ಬಡಿಸುತ್ತದೆ. ಅದು ಸಿಪ್ಪೆ, ತಿರುಳಲ್ಲ.

ಪತ್ರಿಕೆಯ ಒಡೆಯರಲ್ಲಿ ಒಂದು ಬಿನ್ನಹ. ಯಂತ್ರ ಬರೆದುದನ್ನು ಯಂತ್ರ ಬರೆದುದೆಂದೇ ಅಚ್ಚು ಹಾಕಿರಿ. ಅದರಿಂದ ಉಳಿದ ಹಣವನ್ನು ತಾಲ್ಲೂಕಿನ ವರದಿಗಾರನ ಸಂಬಳಕ್ಕೆ ಸೇರಿಸಿರಿ. ನಾವು ದುಡ್ಡು ಕೊಟ್ಟು ಪತ್ರಿಕೆ ಕೊಳ್ಳುವುದು ಸೊಗಸಾದ ವಾಕ್ಯಕ್ಕಾಗಿ ಅಲ್ಲ. ನಮ್ಮ ಪರವಾಗಿ ಒಬ್ಬ ಮನುಷ್ಯ ಹೋಗಿ, ಕಣ್ಣಾರೆ ಕಂಡು ಬಂದಿದ್ದಾನೆಂಬ ನಂಬಿಕೆಯಿಂದ. ಆ ನಂಬಿಕೆ ಹೋದ ದಿನ ಪತ್ರಿಕೆ ರದ್ದಿಯ ಬೆಲೆಗೂ ದುಬಾರಿಯೇ.