ಪಿಂಕ್ ಫ್ಲಾಯ್ಡ್ ತಂಡದ ವ್ಯವಹಾರ ಮತ್ತು ನಿರ್ವಹಣಾ ವಿವಾದಗಳು

ಪಿಂಕ್ ಫ್ಲಾಯ್ಡ್ 1965ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಇಂಗ್ಲೆಂಡಿನ ಪ್ರಸಿದ್ಧ ರಾಕ್ ಸಂಗೀತ ತಂಡ. ತಂಡದ ಹೆಸರಿನ ಒಡೆತನ, ವ್ಯವಸ್ಥಾಪಕರ ಒಪ್ಪಂದ ಮತ್ತು ಹಳೆಯ ಆಲ್ಬಮ್‌ಗಳ ಮರುಬಿಡುಗಡೆ ಇವುಗಳ ಕುರಿತು ಅದರ ಸದಸ್ಯರ ನಡುವೆ ಹಲವು ದಶಕಗಳ ಕಾಲ ವಿವಾದಗಳು ನಡೆದಿವೆ. 2024ರ ಅಕ್ಟೋಬರ್‌ನಲ್ಲಿ ತಂಡದ ಧ್ವನಿಮುದ್ರಣಗಳ ಹಕ್ಕುಗಳು ಸೋನಿ ಮ್ಯೂಸಿಕ್ ಸಂಸ್ಥೆಗೆ ಮಾರಾಟವಾದುದರೊಂದಿಗೆ ಈ ವಿವಾದಗಳ ದೀರ್ಘ ಅಧ್ಯಾಯವೊಂದು ಮುಗಿಯಿತು.

ಈ ವಿವಾದವನ್ನು ಸಾಮಾನ್ಯವಾಗಿ ರೋಜರ್ ವಾಟರ್ಸ್ ಮತ್ತು ಡೇವಿಡ್ ಗಿಲ್ಮೋರ್ ಅವರ ಸ್ವಭಾವಗಳ ಘರ್ಷಣೆಯೆಂದು ವಿವರಿಸಲಾಗುತ್ತದೆ. ಆದರೆ ಘಟನೆಗಳನ್ನು ಕ್ರಮವಾಗಿ ಗಮನಿಸಿದರೆ, ಪ್ರತಿಯೊಂದು ಹಂತದಲ್ಲಿಯೂ ಅಸ್ಪಷ್ಟವಾದ ಅಥವಾ ಬರೆದೇ ಇರದ ಒಪ್ಪಂದವೊಂದು ಜಗಳಕ್ಕೆ ಎಡೆಮಾಡಿಕೊಟ್ಟಿರುವುದು ಕಂಡುಬರುತ್ತದೆ.

ಹಿನ್ನೆಲೆ

ಸಿಡ್ ಬ್ಯಾರೆಟ್, ರೋಜರ್ ವಾಟರ್ಸ್, ರಿಚರ್ಡ್ ರೈಟ್ ಮತ್ತು ನಿಕ್ ಮೇಸನ್ ತಂಡದ ಆರಂಭಿಕ ಸದಸ್ಯರು. ವ್ಯವಸ್ಥಾಪಕರಾದ ಪೀಟರ್ ಜೆನ್ನರ್ ಮತ್ತು ಆಂಡ್ರ್ಯೂ ಕಿಂಗ್ ಅವರೊಡನೆ ಸದಸ್ಯರು ಸಮಾನ ಪಾಲುದಾರರಾಗಿದ್ದರು. ಮಾನಸಿಕ ಅಸ್ವಾಸ್ಥ್ಯದಿಂದಾಗಿ 1968ರಲ್ಲಿ ಬ್ಯಾರೆಟ್ ತಂಡದಿಂದ ಹೊರಹೋದಾಗ, ಹಾಡುಗಳನ್ನು ರಚಿಸುತ್ತಿದ್ದ ಬ್ಯಾರೆಟ್ ಅವರೇ ತಂಡದ ನಿಜವಾದ ಶಕ್ತಿಯೆಂದು ಭಾವಿಸಿದ ಈ ಇಬ್ಬರೂ ಅವರ ಜೊತೆಯಲ್ಲೇ ಉಳಿದರು. ಪಾಲುದಾರಿಕೆ ಮುರಿದುಬಿತ್ತು. ಬ್ಯಾರೆಟ್ ಸ್ಥಾನಕ್ಕೆ ಬಂದ ಡೇವಿಡ್ ಗಿಲ್ಮೋರ್ ಹಾಗೂ ಉಳಿದ ಮೂವರ ವ್ಯವಹಾರವನ್ನು ಸ್ಟೀವ್ ಒರೂರ್ಕ್ ವಹಿಸಿಕೊಂಡು, 2003ರಲ್ಲಿ ನಿಧನರಾಗುವವರೆಗೂ ತಂಡದ ವ್ಯವಸ್ಥಾಪಕರಾಗಿದ್ದರು.

1973ರ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಮ್‌ನ ಯಶಸ್ಸು ತಂಡಕ್ಕೆ ಅಪಾರ ಹಣವನ್ನು ತಂದಿತು. ಆಗ ಬ್ರಿಟನ್ನಿನಲ್ಲಿ ದುಡಿಮೆಯ ಆದಾಯದ ಮೇಲಿನ ಗರಿಷ್ಠ ತೆರಿಗೆ ಶೇಕಡ 83ರಷ್ಟಿತ್ತು. ತೆರಿಗೆಯ ಹೊರೆಯನ್ನು ತಗ್ಗಿಸಿಕೊಳ್ಳಲು ಸದಸ್ಯರು ನಾರ್ಟನ್ ವಾರ್ಬರ್ಗ್ ಎಂಬ ಹಣಕಾಸು ಸಂಸ್ಥೆಯ ಮೂಲಕ ಹಣ ಹೂಡಿದರು. ಆ ಹಣ ಅಪಾಯಕಾರಿ ಉದ್ಯಮಗಳಲ್ಲಿ ಕರಗಿಹೋಯಿತು. ತೆರಿಗೆಯ ಬಾಕಿ ಮಾತ್ರ ಉಳಿಯಿತು. ಇದರಿಂದಾಗಿ ತಂಡವು ಬ್ರಿಟನ್ನಿನಿಂದ ಹೊರಗೆ ನೆಲೆಸಿ, 1979ರಲ್ಲಿ 'ದ ವಾಲ್' ಆಲ್ಬಮ್ಮನ್ನು ಬಹುಪಾಲು ಫ್ರಾನ್ಸ್ ಮತ್ತು ಅಮೆರಿಕದಲ್ಲಿ ಮುದ್ರಿಸಬೇಕಾಯಿತು.

ರಿಚರ್ಡ್ ರೈಟ್ ಅವರ ಉಚ್ಚಾಟನೆ

ಆಲ್ಬಮ್ಮನ್ನು 1979ರ ಕ್ರಿಸ್‌ಮಸ್‌ಗೆ ಮುನ್ನ ಪೂರ್ಣಗೊಳಿಸಿದರೆ ಹೆಚ್ಚಿನ ರಾಯಧನ ನೀಡುವುದಾಗಿ ಧ್ವನಿಮುದ್ರಣ ಕಂಪನಿ ಮುಂದೆ ಬಂದಿತು. ರಜೆಯನ್ನು ಮೊಟಕುಗೊಳಿಸಲು ಕೀಬೋರ್ಡ್ ವಾದಕ ರೈಟ್ ಒಪ್ಪಲಿಲ್ಲ. ಅವರ ಕೊಡುಗೆ ಕುಂಠಿತವಾಗಿದೆಯೆಂಬ ಅಸಮಾಧಾನ ಮೊದಲೇ ಇತ್ತು. ವಾಟರ್ಸ್ ಅವರ ಒತ್ತಾಯದಂತೆ ರೈಟ್ ತಂಡವನ್ನು ಬಿಟ್ಟರು. ಅನಂತರ 1980–81ರ 'ದ ವಾಲ್' ಪ್ರದರ್ಶನಗಳಲ್ಲಿ ಅವರು ಸಂಬಳದ ಕಲಾವಿದರಾಗಿ ನುಡಿಸಿದರು. ವೇದಿಕೆಯ ಮೇಲೆ ಬೃಹತ್ ಗೋಡೆಯನ್ನು ಕಟ್ಟಿ ಕೆಡವುವ ಆ ಪ್ರದರ್ಶನಗಳು ದುಬಾರಿಯಾಗಿದ್ದು, ನಷ್ಟವನ್ನು ಪಾಲುದಾರರಾದ ಮೂವರೇ ಭರಿಸಬೇಕಾಯಿತು. ಪಾಲು ಕಳೆದುಕೊಂಡ ರೈಟ್ ಒಬ್ಬರಿಗೇ ಆ ಪ್ರವಾಸದಿಂದ ಲಾಭವಾಯಿತು.

ವಾಟರ್ಸ್ ನಿರ್ಗಮನ ಮತ್ತು ನ್ಯಾಯಾಲಯದ ಹೋರಾಟ

1985ರಲ್ಲಿ ವಾಟರ್ಸ್ ಅವರು ಒರೂರ್ಕ್ ಜೊತೆಗಿನ ವೈಯಕ್ತಿಕ ನಿರ್ವಹಣಾ ಒಪ್ಪಂದವನ್ನು ಕೊನೆಗೊಳಿಸಲು ಬಯಸಿದರು. ಮುಂದಿನ ರಾಯಧನದ ಪಾವತಿಗಳ ಕುರಿತು ಇಬ್ಬರ ನಡುವೆ ಭಿನ್ನಾಭಿಪ್ರಾಯವಿತ್ತು. ಗಿಲ್ಮೋರ್ ಮತ್ತು ಮೇಸನ್ ಮಾತ್ರ ಒರೂರ್ಕ್ ಅವರನ್ನು ಕೈಬಿಡಲು ಒಪ್ಪಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ವಾಟರ್ಸ್, ಇಎಂಐ ಮತ್ತು ಸಿಬಿಎಸ್ ಕಂಪನಿಗಳಿಗೆ ಪತ್ರ ಬರೆದು, ತಾವು ತಂಡವನ್ನು ತೊರೆದಿರುವುದಾಗಿ ತಿಳಿಸಿದರು. ತಾವಿಲ್ಲದೆ ತಂಡವಿಲ್ಲ ಎಂಬುದು ಅವರ ಎಣಿಕೆಯಾಗಿತ್ತು. ಆದರೆ ಗಿಲ್ಮೋರ್ ಮತ್ತು ಮೇಸನ್ ಅದೇ ಹೆಸರಿನಲ್ಲಿ ಮುಂದುವರಿಯಲು ನಿರ್ಧರಿಸಿದರು.

1986ರ ಅಕ್ಟೋಬರ್‌ನಲ್ಲಿ ವಾಟರ್ಸ್, ತಂಡವನ್ನು ವಿಧ್ಯುಕ್ತವಾಗಿ ವಿಸರ್ಜಿಸಿ ಅದರ ಹೆಸರಿನ ಬಳಕೆಯನ್ನು ತಡೆಯಬೇಕೆಂದು ಲಂಡನ್ನಿನ ಹೈಕೋರ್ಟ್ ಮೊರೆಹೋದರು. ತಂಡದ ಪಾಲುದಾರಿಕೆ ಎಂದೂ ವಿಧ್ಯುಕ್ತವಾಗಿ ದಾಖಲಾಗಿರಲಿಲ್ಲವೆಂಬುದು ಆಗ ಅವರ ವಕೀಲರ ಗಮನಕ್ಕೆ ಬಂದಿತು. ಎರಡು ದಶಕಗಳ ಕಾಲ ಕೋಟ್ಯಂತರ ಪೌಂಡುಗಳ ವಹಿವಾಟು ನಡೆಸಿದ ತಂಡದಲ್ಲಿ, ಸದಸ್ಯನೊಬ್ಬ ಹೊರಹೋದರೆ ಹೆಸರು ಯಾರಿಗೆ ಸೇರಬೇಕೆಂಬ ಪ್ರಶ್ನೆಗೆ ಸ್ಪಷ್ಟ ಉತ್ತರವಿರಲಿಲ್ಲ.

ಮೊಕದ್ದಮೆಯ ನೆರಳಿನಲ್ಲಿಯೇ 1987ರ ಸೆಪ್ಟೆಂಬರ್‌ನಲ್ಲಿ 'ಎ ಮೊಮೆಂಟರಿ ಲ್ಯಾಪ್ಸ್ ಆಫ್ ರೀಸನ್' ಬಿಡುಗಡೆಯಾಯಿತು. ಪ್ರವಾಸದ ಆರಂಭಿಕ ವೆಚ್ಚವನ್ನು ಗಿಲ್ಮೋರ್ ಮತ್ತು ಮೇಸನ್ ಸ್ವತಃ ಭರಿಸಿದರು. ಮೇಸನ್ ತಮ್ಮ ಫೆರಾರಿ ಕಾರನ್ನು ಸಾಲಕ್ಕೆ ಆಧಾರವಾಗಿಟ್ಟರು. 1987ರ ಡಿಸೆಂಬರ್ 23ರಂದು ಗಿಲ್ಮೋರ್ ಅವರ ದೋಣಿಮನೆ 'ಅಸ್ಟೋರಿಯಾ'ದಲ್ಲಿ ರಾಜಿಯಾಯಿತು. ಅದರಂತೆ 'ಪಿಂಕ್ ಫ್ಲಾಯ್ಡ್' ಎಂಬ ಹೆಸರು ಗಿಲ್ಮೋರ್ ಮತ್ತು ಮೇಸನ್ ಅವರಲ್ಲಿಯೇ ಉಳಿಯಿತು. ಒರೂರ್ಕ್ ಜೊತೆಗಿನ ಒಪ್ಪಂದದಿಂದ ವಾಟರ್ಸ್ ಮುಕ್ತರಾದರು. 'ದ ವಾಲ್' ಪರಿಕಲ್ಪನೆ ಮತ್ತು ಪ್ರದರ್ಶನಗಳಲ್ಲಿ ಹಾರಿಸುತ್ತಿದ್ದ ಗಾಳಿ ತುಂಬಿದ ಹಂದಿಯ ಹಕ್ಕು ಅವರ ಪಾಲಾಯಿತು.

ತಂಡದ ಬಹುಪಾಲು ಪ್ರಸಿದ್ಧ ಗೀತೆಗಳನ್ನು ಬರೆದಿದ್ದರೂ ಅಂದಿನಿಂದ ವಾಟರ್ಸ್ ಸ್ವಂತ ಹೆಸರಿನಲ್ಲಿಯೇ ಪ್ರವಾಸ ಕೈಗೊಳ್ಳಬೇಕಾಯಿತು. 2002ರಲ್ಲಿ ಬೆಂಗಳೂರಿನಲ್ಲಿ ಪಿಂಕ್ ಫ್ಲಾಯ್ಡ್ ಹಾಡುಗಳನ್ನು ಹಾಡಿದಾಗಲೂ ಅವರು ಬಂದದ್ದು ರೋಜರ್ ವಾಟರ್ಸ್ ಎಂಬ ಹೆಸರಿನಲ್ಲಿಯೇ. ಮೊಕದ್ದಮೆ ಹೂಡಿದ್ದು ತಪ್ಪಾಗಿತ್ತೆಂದು ಅವರು 2013ರಲ್ಲಿ ಬಿಬಿಸಿ ಸಂದರ್ಶನದಲ್ಲಿ ಒಪ್ಪಿಕೊಂಡರು.

ಆಲ್ಬಮ್‌ನ ಸಮಗ್ರತೆ: ಇಎಂಐ ಪ್ರಕರಣ

ಬರೆದಿಟ್ಟ ಒಪ್ಪಂದದ ಬಲವೇನೆಂಬುದಕ್ಕೆ 2010ರ ಪ್ರಕರಣ ನಿದರ್ಶನವಾಗಿದೆ. ತಂಡದ ಅನುಮತಿಯಿಲ್ಲದೆ ಆಲ್ಬಮ್‌ಗಳಿಂದ ಹಾಡುಗಳನ್ನು ಬಿಡಿಯಾಗಿ ಮಾರಬಾರದೆಂಬ ನಿಬಂಧನೆ ಇಎಂಐ ಜೊತೆಗಿನ ಒಪ್ಪಂದದಲ್ಲಿತ್ತು. ಈ ನಿಬಂಧನೆ ಅಂತರಜಾಲದ ಮಾರಾಟಕ್ಕೆ ಅನ್ವಯಿಸುವುದಿಲ್ಲವೆಂದು ಕಂಪನಿ ವಾದಿಸಿತು. ಹೈಕೋರ್ಟ್ ತಂಡದ ಪರವಾಗಿ ತೀರ್ಪು ನೀಡಿತು. 2011ರ ಜನವರಿಯಲ್ಲಿ ಎರಡೂ ಕಡೆಯವರು ಹೊಸ ಒಪ್ಪಂದಕ್ಕೆ ಬಂದು, ಬಿಡಿ ಹಾಡುಗಳ ಮಾರಾಟಕ್ಕೆ ಅವಕಾಶ ದೊರೆಯಿತು. ಹೊರಗಿನವರೊಡನೆ ಸ್ಪಷ್ಟ ಕರಾರು ಮಾಡಿಕೊಂಡಿದ್ದ ತಂಡಕ್ಕೆ ತನ್ನ ಸದಸ್ಯರ ನಡುವೆ ಅಂತಹುದೇ ಸ್ಪಷ್ಟತೆ ಇರಲಿಲ್ಲ.

ಮರುಬಿಡುಗಡೆ ಮತ್ತು ಮಾರಾಟ

ತಂಡವನ್ನು ಬಿಟ್ಟ ಮೇಲೂ ಹಳೆಯ ಧ್ವನಿಮುದ್ರಣಗಳಲ್ಲಿ ವಾಟರ್ಸ್ ಅವರ ಪಾಲು ಉಳಿದಿತ್ತು. ಹೀಗಾಗಿ ಒಬ್ಬರ ಅಸಮ್ಮತಿಯೂ ಕೆಲಸವನ್ನು ತಡೆಹಿಡಿಯಬಲ್ಲದಾಗಿತ್ತು. 1977ರ 'ಅನಿಮಲ್ಸ್' ಆಲ್ಬಮ್‌ನ ಹೊಸ ಮಿಶ್ರಣ 2018ರಲ್ಲಿಯೇ ಸಿದ್ಧವಾಗಿದ್ದರೂ, ಅದರೊಡನೆ ಅಚ್ಚಾಗಬೇಕಿದ್ದ ಟಿಪ್ಪಣಿಯ ಕುರಿತ ಜಗಳದಿಂದ 2022ರ ಸೆಪ್ಟೆಂಬರ್‌ವರೆಗೂ ಹೊರಬರಲಿಲ್ಲ.

ಈ ನಡುವೆ ಧ್ವನಿಮುದ್ರಣಗಳನ್ನು ಸುಮಾರು 50 ಕೋಟಿ ಡಾಲರಿಗೆ ಮಾರುವ ಮಾತುಕತೆ 2022ರಲ್ಲಿ ನಡೆದು ನಿಂತುಹೋಗಿತ್ತು. ಉಕ್ರೇನ್ ಯುದ್ಧದ ಕುರಿತು ಸದಸ್ಯರ ನಿಲುವುಗಳು ಪರಸ್ಪರ ವಿರುದ್ಧವಾಗಿದ್ದವು: ಗಿಲ್ಮೋರ್ ಮತ್ತು ಮೇಸನ್ 2022ರ ಏಪ್ರಿಲ್‌ನಲ್ಲಿ ಉಕ್ರೇನಿನ ಬೆಂಬಲಕ್ಕೆ ಹಾಡೊಂದನ್ನು ಬಿಡುಗಡೆ ಮಾಡಿದರೆ, ವಾಟರ್ಸ್ ಪಾಶ್ಚಾತ್ಯ ರಾಷ್ಟ್ರಗಳ ನೀತಿಯನ್ನು ಟೀಕಿಸಿದರು. 2023ರ ಫೆಬ್ರವರಿಯಲ್ಲಿ ಗಿಲ್ಮೋರ್ ಅವರ ಪತ್ನಿ, ಲೇಖಕಿ ಪಾಲಿ ಸ್ಯಾಮ್ಸನ್, ವಾಟರ್ಸ್ ವಿರುದ್ಧ ಯಹೂದಿ ದ್ವೇಷದ ಆರೋಪವನ್ನು ಬಹಿರಂಗವಾಗಿ ಮಾಡಿದರು. ವಾಟರ್ಸ್ ಅದನ್ನು ನಿರಾಕರಿಸಿದರು.

ಅಂತಿಮವಾಗಿ 2024ರಲ್ಲಿ ಸುಮಾರು 40 ಕೋಟಿ ಡಾಲರಿಗೆ ಮಾರಾಟ ನಡೆಯಿತೆಂದು ವರದಿಯಾಯಿತು. ಧ್ವನಿಮುದ್ರಣಗಳು ಮತ್ತು ತಂಡದ ಹೆಸರು, ಚಿತ್ರಗಳ ವಾಣಿಜ್ಯ ಬಳಕೆಯ ಹಕ್ಕು ಇದರಲ್ಲಿ ಸೇರಿವೆ. ಗೀತರಚನೆಯ ಹಕ್ಕುಗಳು ಸೇರಿಲ್ಲ. ಅವು ರಚನಕಾರರಲ್ಲಿಯೇ ಉಳಿದಿವೆ. ಹಣಕ್ಕಿಂತಲೂ ತೀರ್ಮಾನಗಳ ಜಂಜಾಟ ಮತ್ತು ವಾದವಿವಾದಗಳಿಂದ ಬಿಡುಗಡೆ ಪಡೆಯುವುದು ತಮಗೆ ಮುಖ್ಯವಾಗಿತ್ತೆಂಬ ಅರ್ಥದಲ್ಲಿ ಗಿಲ್ಮೋರ್ ಮಾತನಾಡಿದ್ದರು.

ಮಹತ್ವ

1987ರ ರಾಜಿ ಹೆಸರಿನ ಪ್ರಶ್ನೆಯನ್ನು ಮಾತ್ರ ಬಗೆಹರಿಸಿತ್ತು. ಹಳೆಯ ಕೃತಿಗಳ ಜಂಟಿ ಒಡೆತನ ಹಾಗೆಯೇ ಮುಂದುವರಿದು, ಪರಸ್ಪರ ಮಾತು ಬಿಟ್ಟ ಪಾಲುದಾರರು ಪ್ರತಿ ಮರುಮುದ್ರಣಕ್ಕೂ ಒಬ್ಬರ ಒಪ್ಪಿಗೆಗೆ ಇನ್ನೊಬ್ಬರು ಕಾಯಬೇಕಾಯಿತು. ಮಾರಾಟದಿಂದ ಆ ಕಟ್ಟು ಸಡಿಲವಾಗಿದೆ. ಅದರೊಡನೆ, ಒಂದು ಕಾಲದಲ್ಲಿ ನ್ಯಾಯಾಲಯದಲ್ಲಿ ಹೋರಾಡಿ ಕಾಪಾಡಿಕೊಂಡಿದ್ದ ಕೃತಿಗಳ ಮೇಲಿನ ನಿಯಂತ್ರಣವೂ ಬಹುಮಟ್ಟಿಗೆ ಕಲಾವಿದರ ಕೈಬಿಟ್ಟಿದೆ. ತಮ್ಮೊಳಗೆ ಒಮ್ಮತ ಸಾಧಿಸಲಾಗದ ಪಾಲುದಾರರು ಶಾಂತಿಗಾಗಿ ತೆತ್ತ ಬೆಲೆಯೆಂದು ಇದನ್ನು ಪರಿಗಣಿಸಬಹುದು.