ಆಯಿಲ್ ಸೀಲ್ ಮತ್ತೆ ಮತ್ತೆ ಸೋರ್ತಿದೆಯಾ? ಮೂರನೇ ಸೀಲ್ ತರೋ ಮುಂಚೆ ಇಷ್ಟು ನೋಡಿ

ಹದಿನೈದು ಇಪ್ಪತ್ತು ವರ್ಷ ದುಡಿದ ಟ್ರ್ಯಾಕ್ಟರ್ ಯಾರ ಮನೆ ಮುಂದೆ ನಿಲ್ಲುತ್ತೆ ಅಂತ ತಿಳಿಯೋಕೆ ನೆಲದ ಮೇಲಿನ ಕರಿ ಕಲೆ ನೋಡಿದ್ರೆ ಸಾಕು. ಯಾಕೆ ಹೀಗೆ ಅಂತ ಕೇಳಿದ್ರೆ ಎರಡೇ ಉತ್ತರ ಬರುತ್ತೆ. ಒಂದು, "ಹಳೇ ಗಾಡಿ ಅಂದ್ಮೇಲೆ ಸೋರುತ್ತೆ ಬಿಡಿ." ಇನ್ನೊಂದು, "ಹೋದ ವರ್ಷ ತಾನೇ ಹಾಕಿಸಿದ್ದೆ, ಅಂಗಡಿಯವನು ಡೂಪ್ಲಿಕೇಟ್ ಸೀಲ್ ಕೊಟ್ಟಿದ್ದಾನೆ." ಡೂಪ್ಲಿಕೇಟ್ ಮಾಲು ಬರುತ್ತೆ, ಸುಳ್ಳಲ್ಲ. ಆದರೆ ಒಂದೇ ಜಾಗದಲ್ಲಿ ಎರಡು ಸಲ ಹೊಸ ಸೀಲ್ ಹಾಕಿಯೂ ಸೋರ್ತಿದ್ರೆ ನನ್ನ ಅನುಮಾನ ಸೀಲಿನ ಮೇಲೆ ಹೋಗೋದಿಲ್ಲ. ಸೀಲ್ ಕೂತಿರೋ ಜಾಗದ ಮೇಲೆ ಹೋಗುತ್ತೆ. ಅದನ್ನ ನೋಡದೆ ಮೂರನೇ ಸೀಲ್ ಹಾಕಿಸಲೇಬಾರದು ಅಂತ ನನ್ನ ಹಠ.

ಯಾಕಂದ್ರೆ ಸೀಲಿನ ಬೆಲೆ ದೊಡ್ಡದಲ್ಲ. ಕ್ಲಚ್ ಕಡೆಯ ಸೀಲ್ ಬದಲಿಸಬೇಕಾದರೆ ಎಂಜಿನ್ನು, ಗೇರ್‌ಬಾಕ್ಸ್ ಬೇರೆ ಮಾಡಬೇಕು. ಕೂಲಿ, ಹೊಸ ಎಣ್ಣೆ, ಅದಕ್ಕಿಂತ ಹೆಚ್ಚಾಗಿ ನಾಟಿ ಸಮಯದಲ್ಲಿ ಗಾಡಿ ಗ್ಯಾರೇಜಲ್ಲಿ ನಿಲ್ಲೋ ಮೂರ್ನಾಲ್ಕು ದಿನ, ಅದೇ ನಿಜವಾದ ಖರ್ಚು.

ನಮ್ಮ ಗಾಡೀಲೂ ಹೀಗೇ ಆಗಿತ್ತು. ಹಿಂದಿನ ಆಕ್ಸಲ್ ಸೀಲ್ ಒಂದೇ ವರ್ಷದಲ್ಲಿ ಎರಡು ಸಲ ಹಾಕಿಸಿದ್ವಿ. ಮೂರನೇ ಸಲ ಬೇರೆ ಮೇಸ್ತ್ರಿ ಬಂದ. ಚಕ್ರ ಬಿಚ್ಚೋಕೆ ಮೊದಲು ಗೇರ್‌ಬಾಕ್ಸ್ ಮೇಲಿನ ಬ್ರೀದರ್ ಬಿಚ್ಚಿ ಬಾಯಿಂದ ಊದಿದ. ಗಾಳಿ ಹೋಗಲೇ ಇಲ್ಲ. ಕುಂಬಾರ ಹುಳ ಗೂಡು ಕಟ್ಟಿತ್ತು, ಅದರ ಮೇಲೆ ಕೆಸರು ಒಣಗಿ ಕಲ್ಲಾಗಿತ್ತು. ಡೀಸೆಲ್‌ನಲ್ಲಿ ತೊಳೆದು ತಂತಿ ಆಡಿಸಿ ಹಾಕಿದ ಮೇಲೆ, ಆಗ ಕೂರಿಸಿದ ಸೀಲ್ ಇವತ್ತಿಗೂ ಇದೆ.

ಬ್ರೀದರ್ ಅಂದ್ರೆ ಉಸಿರಾಡೋ ತೂತು. ಕೆಲಸ ಮಾಡ್ತಾ ಗೇರ್‌ಬಾಕ್ಸ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತೆ. ಹೊರಗೆ ಹೋಗೋಕೆ ದಾರಿ ಇಲ್ಲದಿದ್ರೆ ಸೀಲಿನ ತುಟಿಯನ್ನೇ ತಳ್ಳಿಕೊಂಡು ಹೋಗುತ್ತೆ, ಜೊತೆಗೆ ಎಣ್ಣೆನೂ. ಗದ್ದೆಯಲ್ಲಿ ಇನ್ನೊಂದು ಕಷ್ಟ ಇದೆ. ಬಿಸಿ ಗಾಡಿ ಕೆಸರು ನೀರಲ್ಲಿ ನಿಂತು ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ, ಅದೇ ಸೀಲಿನಿಂದ ನೀರು ಒಳಗೆ ಎಳ್ಕೊಳ್ಳುತ್ತೆ. ಗೇರ್ ಆಯಿಲ್ ಹಾಲು ಹಾಕಿದ ಟೀ ಥರ ಕಂಡ್ರೆ ನೀರು ಹೊಕ್ಕಿದೆ ಅಂತಲೇ ಅರ್ಥ. ಬರೀ ಸೀಲ್ ಬದಲಿಸಿದ್ರೆ ಸಾಲದು, ಎಣ್ಣೆಯನ್ನೂ ಪೂರ್ತಿ ಇಳಿಸಿ ಹೊಸದು ಹಾಕಬೇಕು.

ಎಂಜಿನ್‌ದೂ ಇದೇ ಕಥೆ. ರಿಂಗ್, ಲೈನರ್ ಸವೆದ ಎಂಜಿನ್‌ನಲ್ಲಿ ಸುಟ್ಟ ಗಾಳಿ ಕೆಳಗಿನ ಚೇಂಬರ್‌ಗೆ ಇಳಿದು ಒತ್ತಡ ಕಟ್ಟುತ್ತೆ. ಗಾಡಿ ಬಿಸಿಯಾದ ಮೇಲೆ ಸ್ಲೋ ರೇಸಲ್ಲಿ ಬಿಟ್ಟು ಆಯಿಲ್ ಹಾಕೋ ಮುಚ್ಚಳ ತೆಗೆದು ನೋಡಿ (ಬಿಸಿ ಎಣ್ಣೆ ಸಿಡಿಯಬಹುದು, ಮುಖ ದೂರ ಇಟ್ಕೊಳ್ಳಿ). ಬುಸುಬುಸು ಅಂತ ಹೊಗೆ ದಬ್ಬುತ್ತಿದ್ರೆ, ಬ್ರೀದರ್ ಕ್ಲೀನ್ ಮಾಡಿದ್ರೂ ಅದೇ ಆದರೆ, ಹಿಂದಿನ ಮೇನ್ ಸೀಲ್ ಎಷ್ಟು ಸಲ ಹಾಕಿಸಿದ್ರೂ ದಂಡ. ಎಂಜಿನ್ ಕೆಲಸ ಮಾಡಿಸುವಾಗಲೇ ಸೀಲ್ ಹಾಕಿಸಿ.

ಎಣ್ಣೆ ಹೆಚ್ಚಾದ್ರೂ ಸೋರುತ್ತೆ ಅನ್ನೋದು ತುಂಬಾ ಜನಕ್ಕೆ ಹೊಳೆಯೋದಿಲ್ಲ. ಟಿಪ್ಪಿಂಗ್ ಟ್ರೇಲರ್ ಎತ್ತೋಕೆ ಸಾಲಲ್ಲ ಅಂತ ನಾಲ್ಕೈದು ಲೀಟರ್ ಜಾಸ್ತಿ ಹಾಕಿರ್ತಾರೆ. ಟ್ರೇಲರ್ ಕಳಚಿದ ಮೇಲೆ ಆ ಎಣ್ಣೆ ಅಲ್ಲೇ ಉಳಿದು ಆಕ್ಸಲ್ ಕಡೆಗೆ ಏರುತ್ತೆ. ಗಾಡಿ ಸಮ ನೆಲದಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ನೋಡಿ.

ಇನ್ನು ಶಾಫ್ಟ್. ಸೀಲಿನ ರಬ್ಬರ್ ತುಟಿಯನ್ನ ಒಂದು ಸಣ್ಣ ಸ್ಪ್ರಿಂಗ್ ಬಳೆ ಒತ್ತಿ ಹಿಡಿದಿರುತ್ತೆ. ಮೆತ್ತನೆ ರಬ್ಬರ್ ಉಕ್ಕನ್ನ ಏನು ಮಾಡೀತು ಅನ್ಬೇಡಿ. ತುಟಿಗೆ ಸಿಕ್ಕಿಕೊಂಡ ಮಣ್ಣಿನ ಕಣ ಉಕ್ಕನ್ನೇ ಸವೆಸಿ ಗೆರೆ ಕೊರೆಯುತ್ತೆ. ಹಳೇ ಸೀಲ್ ತೆಗೆದ ಮೇಲೆ ಶಾಫ್ಟ್ ಒರೆಸಿ ಉಗುರಿನಿಂದ ಉದ್ದಕ್ಕೆ ಎಳೆದು ನೋಡಿ. ಉಗುರು ತಡೆದ್ರೆ ಅಲ್ಲಿ ಕಾಲುವೆ ಬಿದ್ದಿದೆ, ಒರಿಜಿನಲ್ ಸೀಲ್ ಹಾಕಿದ್ರೂ ನಿಲ್ಲಲ್ಲ. ಹೌಸಿಂಗ್‌ನಲ್ಲಿ ಜಾಗ ಇದ್ರೆ, ಎಣ್ಣೆ ತೂತು ಮುಚ್ಚಿಹೋಗಲ್ಲ ಅಂತ ಖಾತ್ರಿ ಇದ್ರೆ, ಹೊಸ ಸೀಲನ್ನ ಒಂದೆರಡು ಮಿ.ಮೀ. ಆಚೆ ಈಚೆ ಕೂರಿಸಿದ್ರೆ ತುಟಿ ಹೊಸ ಜಾಗದಲ್ಲಿ ಓಡುತ್ತೆ. ಜಾಗ ಇಲ್ಲದಿದ್ರೆ ಸ್ಲೀವ್ ಇದೆ. ಸುಮಾರು ಕಾಲು ಮಿ.ಮೀ. ದಪ್ಪದ ಸ್ಟೀಲ್ ತೋಳು, ಸವೆದ ಜಾಗದ ಮೇಲೆ ತಳ್ಳಿ ಕೂರಿಸೋದು. ಅಷ್ಟು ತೆಳುವಾಗಿರೋದರಿಂದ ಹಳೇ ಅಳತೆಯ ಸೀಲೇ ಸಾಕು. ಇದನ್ನ ಮೇಸ್ತ್ರಿ ತಾನಾಗಿ ಹೇಳೋದು ಕಮ್ಮಿ, ನೀವೇ ಕೇಳಬೇಕು. ಅದೂ ಸಿಗದಿದ್ರೆ ಲೇತ್ ಅಂಗಡಿಯಲ್ಲಿ ವೆಲ್ಡ್ ತುಂಬಿಸಿ ತಿರುವಿಸಬಹುದು, ಆದರೆ ಹದ ತಪ್ಪಿದ್ರೆ ಶಾಫ್ಟೇ ಬಾಗೋ ಭಯ ಇದೆ. ಅದು ನನ್ನ ಕೊನೇ ದಾರಿ. ಎಮರಿ ಪೇಪರ್ ಹಚ್ಚೋದಾದ್ರೆ ಸುತ್ತಲೂ ನೇರವಾಗಿ ಉಜ್ಜಿ. ಓರೆಯಾಗಿ ಉಜ್ಜಿದ್ರೆ ಸ್ಕ್ರೂ ಮರೆಯಂಥ ಗೆರೆ ಬಿದ್ದು, ಶಾಫ್ಟ್ ತಿರುಗಿದಾಗ ಎಣ್ಣೆಯನ್ನ ತಾನೇ ಹೊರಗೆ ಪಂಪ್ ಮಾಡುತ್ತೆ.

ಬೇರಿಂಗ್ ಸಡಿಲ ಇದ್ರೆ ಮೇಲಿನ ಯಾವುದೂ ಉಪಯೋಗ ಇಲ್ಲ. ಜಾಕ್ ಏರಿಸಿ, ಕೆಳಗೆ ದಪ್ಪ ಮರದ ದಿಮ್ಮಿ ಕೊಟ್ಟು (ಜಾಕ್ ಒಂದನ್ನೇ ನಂಬಿ ಕೆಳಗೆ ಹೋಗಬೇಡಿ) ಚಕ್ರ ಅಲ್ಲಾಡಿಸಿ ನೋಡಿ. ಕಟಕಟ ಅಂದ್ರೆ ಮೊದಲು ಬೇರಿಂಗ್, ಆಮೇಲೆ ಸೀಲ್.

ಕ್ಲಚ್ ಹೌಸಿಂಗ್ ಕೆಳಗಿನ ತೂತಿನಿಂದ ಎಣ್ಣೆ ತೊಟ್ಟಿಕ್ಕಿದ್ರೆ ಗಾಡಿ ಬಿಚ್ಚೋ ಮೊದಲೇ ಎಲ್ಲಿಂದ ಅಂತ ಅಂದಾಜು ಮಾಡಬಹುದು. ಕಪ್ಪಗೆ ತೆಳ್ಳಗಿದ್ರೆ ಎಂಜಿನ್ ಆಯಿಲ್, ಹಿಂದಿನ ಮೇನ್ ಸೀಲ್ ನೋಡಿ. ಕಂದು ಬಣ್ಣ, ಮಂದ, ಗಂಧಕದಂಥ ವಾಸನೆ ಇದ್ರೆ ಗೇರ್ ಆಯಿಲ್, ಇನ್‌ಪುಟ್ ಶಾಫ್ಟ್ ಸೀಲ್. ಹೇಗೂ ಬಿಚ್ಚಿದ ಮೇಲೆ ಎರಡೂ ಹಾಕಿಸಿಬಿಡಿ. ಇಲ್ಲಿ ಮಾತ್ರ ನಾನು ಕಂಜೂಸಲ್ಲ.

ಕೂರಿಸುವಾಗ ಆಗೋ ತಪ್ಪೂ ಕಮ್ಮಿ ಇಲ್ಲ. ಸುತ್ತಿಗೆಯಿಂದ ಒಂದು ಮಗ್ಗುಲಿಗೆ ಹೊಡೆದ್ರೆ ಸೀಲ್ ಓರೆಯಾಗುತ್ತೆ. ಸರಿಯಾದ ಅಗಲದ ಪೈಪ್ ತುಂಡೋ, ಹಳೇ ಬೇರಿಂಗ್ ರಿಂಗೋ ಇಟ್ಟು ಸಮವಾಗಿ ತಟ್ಟಬೇಕು. ಶಾಫ್ಟ್‌ನ ಹಲ್ಲುಗಳ ಮೇಲೆ ಟೇಪ್ ಸುತ್ತದೆ ಎಳೆದ್ರೆ ಹೊಸ ತುಟಿ ಅಲ್ಲೇ ಕತ್ತರಿಸಿ ಹೋಗುತ್ತೆ. ತುಟಿಗೆ ಎಣ್ಣೆ ಸವರದೆ ಒಣಗಿದ್ದನ್ನೇ ಹಾಕಿದ್ರೆ ಮೊದಲ ಕೆಲವು ನಿಮಿಷದಲ್ಲೇ ಸುಟ್ಟುಹೋಗುತ್ತೆ.

ಹಾಗಂತ ಎಲ್ಲಾ ಸೋರಿಕೆಗೂ ಓಡಬೇಕು ಅಂತ ನಾನು ಹೇಳಲ್ಲ. ಎಂಜಿನ್ ಮುಂದುಗಡೆ ಟೈಮಿಂಗ್ ಕವರ್ ಹತ್ತಿರ ದಿನಕ್ಕೆ ನಾಲ್ಕು ಹನಿ ಬೀಳ್ತಿದ್ರೆ ಬೆಳಿಗ್ಗೆ ಡಿಪ್‌ಸ್ಟಿಕ್ ನೋಡ್ಕೊಂಡು ಸುಗ್ಗಿ ಮುಗಿಯೋವರೆಗೂ ಓಡಿಸಿ. ಆದರೆ ಕ್ಲಚ್ ಕಡೆ, ಬ್ರೇಕ್ ಕಡೆ ಹೋಗೋ ಎಣ್ಣೆಗೆ ಒಂದು ದಿನವೂ ಕಾಯಬೇಡಿ. ಹಳೇ ಡ್ರೈ ಬ್ರೇಕ್ ಗಾಡಿಗಳಲ್ಲಿ ಲೈನಿಂಗ್ ಎಣ್ಣೆ ಕುಡಿದ್ರೆ ಆ ಪಕ್ಕದ ಬ್ರೇಕ್ ಹಿಡಿಯಲ್ಲ. ಖಾಲಿ ಗಾಡೀಲಿ ಅದು ಗೊತ್ತೇ ಆಗಲ್ಲ. ಕಬ್ಬು ತುಂಬಿದ ಟ್ರೇಲರ್ ಹಿಂದೆ ತಳ್ಳುತ್ತಾ ಇಳಿಜಾರಲ್ಲಿ ಬರುವಾಗ ಗೊತ್ತಾಗುತ್ತೆ, ಗಾಡಿ ಒಂದೇ ಕಡೆಗೆ ಎಳೆಯುತ್ತೆ. ಎಣ್ಣೆ ಕುಡಿದ ಲೈನಿಂಗನ್ನ ಪೆಟ್ರೋಲಲ್ಲಿ ತೊಳೆದು ಮತ್ತೆ ಹಾಕೋ ಅಭ್ಯಾಸ ಇದೆ. ದಯವಿಟ್ಟು ಬೇಡ, ಬದಲಿಸಿ.

ಎಣ್ಣೆಗೆ ಬೆರೆಸೋ 'ಲೀಕ್ ಸ್ಟಾಪ್' ಡಬ್ಬಿಗಳ ಬಗ್ಗೆ ವಿಡಿಯೋ ನೋಡಿರ್ತೀರಿ. ಗಟ್ಟಿಯಾದ ರಬ್ಬರನ್ನ ಸ್ವಲ್ಪ ದಿನ ಮೆತ್ತಗೆ ಮಾಡಬಹುದು ಅಷ್ಟೇ. ಗೆರೆ ಬಿದ್ದ ಶಾಫ್ಟ್, ಕಟ್ಟಿಕೊಂಡ ಬ್ರೀದರ್ ಅದರಿಂದ ಸರಿಯಾಗಲ್ಲ.

ಫೋನನ್ನ ಇದಕ್ಕಿಂತ ಒಳ್ಳೇ ಕೆಲಸಕ್ಕೆ ಬಳಸಿ. ಸೋರೋ ಜಾಗ ಡೀಸೆಲ್‌ನಲ್ಲಿ ತೊಳೆದು ಒಣಗಿಸಿ ಪೌಡರೋ ವಿಭೂತಿಯೋ ಉದುರಿಸಿ, ಅರ್ಧ ಗಂಟೆ ಓಡಿಸಿ, ಗಾಡಿ ಆಫ್ ಮಾಡಿ ಫೋಟೋ ತೆಗೀರಿ. ಎಣ್ಣೆ ಮೊದಲು ಒದ್ದೆ ಮಾಡಿದ ಜಾಗ ಬಿಳಿ ಮೇಲೆ ಕರಿಯಾಗಿ ಕಾಣುತ್ತೆ. ಹಳೇ ಸೀಲ್ ತೆಗೆಯೋ ಮುಂಚೆ ತುಟಿ ಯಾವ ಕಡೆ ಇತ್ತು, ಎಷ್ಟು ಒಳಗೆ ಕೂತಿತ್ತು ಅಂತ ಇನ್ನೊಂದು ಫೋಟೋ. ತೆಗೆದ ಮೇಲೆ ಅದರ ಮೇಲಿನ ಅಂಕಿಯದ್ದು ಮತ್ತೊಂದು. 45 62 10 ಅಂತಿದ್ರೆ ಶಾಫ್ಟ್ 45, ಹೌಸಿಂಗ್ 62, ದಪ್ಪ 10 ಮಿ.ಮೀ. ಅಂಗಡಿಗೆ ಹೋದಾಗ ಗಾಡಿ ಹೆಸರು ಹೇಳಬೇಡಿ, ಈ ಫೋಟೋ ತೋರಿಸಿ. ಹಳೇ ಗಾಡಿಗೆ ಯಾರ್ಯಾರೋ ಏನೇನೋ ಹಾಕಿರ್ತಾರೆ.