ಕೀಬೋರ್ಡ್ ಕೊಳ್ಳಲು ಹೊರಟಿರಾ? ಜೇಬಿನಲ್ಲೊಂದು ಸ್ಕೇಲ್ ಇರಲಿ

ಬೇಸಿಗೆ ರಜೆ ಹತ್ತಿರವಾದಂತೆ ಪಾಲಕರು ನನ್ನನ್ನು ಕೇಳುವ ಪ್ರಶ್ನೆಗಳ ಸ್ವರೂಪವೇ ಬದಲಾಗುತ್ತದೆ. ಮಾರ್ಚ್‌ವರೆಗೆ ಗಣಿತಕ್ಕೆ ಟ್ಯೂಷನ್ ಬೇಕೇ ಎಂದು ವಿಚಾರಿಸುತ್ತಿದ್ದವರು ಏಪ್ರಿಲ್ ಬಂತೆಂದರೆ, ‘ಸಾರ್, ಮಗಳನ್ನು ಕೀಬೋರ್ಡ್ ಕ್ಲಾಸಿಗೆ ಸೇರಿಸಿದ್ದೇವೆ. ಯಾವುದು ಕೊಳ್ಳೋಣ?’ ಎನ್ನುತ್ತಾರೆ. ಸಂಗೀತದ ಮೇಷ್ಟರನ್ನು ಬಿಟ್ಟು ವಿಜ್ಞಾನದ ಮೇಷ್ಟರನ್ನು ಕೇಳುವುದೇಕೆ ಎಂದು ನಿಮಗನ್ನಿಸಬಹುದು. ಆದರೆ ಈ ಪ್ರಶ್ನೆಯ ಅರ್ಧ ಭಾಗ ಭೌತಶಾಸ್ತ್ರಕ್ಕೇ ಸೇರಿದ್ದು. ಆ ಅರ್ಧ ತಿಳಿಯದೆ ಅಂಗಡಿಗೆ ಹೋದವರು ಬಣ್ಣದ ದೀಪಗಳಿಗೆ ದುಡ್ಡು ಕೊಟ್ಟು ಬರುತ್ತಾರೆ.

ಅಂಗಡಿಯಲ್ಲಿ ನಡೆಯುವುದೇನು? ಮಾರಾಟಗಾರ ಒಂದು ಗುಂಡಿ ಒತ್ತುತ್ತಾನೆ. ಇಡೀ ವಾದ್ಯಗೋಷ್ಠಿಯೇ ಇಳಿದು ಬಂದಂತೆ ಸಂಗೀತ ಮೊಳಗುತ್ತದೆ. ‘ಇದರಲ್ಲಿ ನಾನೂರು ಧ್ವನಿಗಳಿವೆ, ನೂರಾರು ತಾಳಗಳಿವೆ’ ಎನ್ನುತ್ತಾನೆ. ಮಗುವಿನ ಕಣ್ಣು ಅರಳುತ್ತದೆ, ಅಪ್ಪನ ಕೈ ಜೇಬಿಗೆ ಹೋಗುತ್ತದೆ. ಆ ಗುಂಡಿಯ ಹೆಸರು ‘ಡೆಮೊ’. ಕಾರ್ಖಾನೆಯಲ್ಲೇ ತುಂಬಿ ಕಳಿಸಿದ ಹಾಡು ಅದು. ಅದನ್ನು ಕೇಳಿ ವಾದ್ಯ ಕೊಳ್ಳುವುದೆಂದರೆ ಹೋಟೆಲಿನ ಗೋಡೆಯ ಮೇಲಿನ ಮಸಾಲೆ ದೋಸೆಯ ಚಿತ್ರ ನೋಡಿ ಬಿಲ್ಲು ಕೊಟ್ಟಂತೆ. ಮೊದಲು ಆ ಗುಂಡಿಯನ್ನು ಆರಿಸಲು ಹೇಳಿ, ‘ಪಿಯಾನೊ’ ಎಂಬ ಒಂದೇ ಧ್ವನಿಯನ್ನು ಇಟ್ಟುಕೊಂಡು ಪರೀಕ್ಷೆ ಶುರು ಮಾಡಿ.

ಅದಕ್ಕೂ ಮೊದಲು ಮನೆಯಲ್ಲೇ ತೀರ್ಮಾನವಾಗಬೇಕಾದ ವಿಷಯವೊಂದಿದೆ. ಮಗು ಕಲಿಯುವುದು ಪಿಯಾನೊವನ್ನೋ, ಎಲೆಕ್ಟ್ರಾನಿಕ್ ಕೀಬೋರ್ಡನ್ನೋ? ನೋಡಲು ಒಂದೇ ತರಹ ಕಂಡರೂ ಇವೆರಡೂ ಬೇರೆ ಬೇರೆ. ಕೀಬೋರ್ಡಿನಲ್ಲಿ ಬಲಗೈ ರಾಗ ನುಡಿಸಿದರೆ ಎಡಗೈ ಮೂರು ನಾಲ್ಕು ಕೀಗಳನ್ನು ಹಿಡಿಯುತ್ತದೆ, ತಾಳ ಮತ್ತು ಹಿಮ್ಮೇಳವನ್ನು ಯಂತ್ರ ನೋಡಿಕೊಳ್ಳುತ್ತದೆ. ಪಿಯಾನೊದಲ್ಲಿ ಎಲ್ಲವೂ ಹತ್ತು ಬೆರಳುಗಳ ಕೆಲಸ. ನಮ್ಮಲ್ಲಿ ಅನೇಕ ಮಕ್ಕಳು ಕಟ್ಟುವ ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡ್ ಪರೀಕ್ಷೆಗಳಲ್ಲೂ ಪಿಯಾನೊಗೆ ಒಂದು ಪಠ್ಯಕ್ರಮ, ಎಲೆಕ್ಟ್ರಾನಿಕ್ ಕೀಬೋರ್ಡಿಗೆ ಇನ್ನೊಂದು ಪಠ್ಯಕ್ರಮವಿದೆ. ಕಲಿಸುವವರನ್ನು ಈ ಒಂದು ಮಾತು ಕೇಳದೆ ಹಣ ಬಿಚ್ಚಬೇಡಿ.

ಪಿಯಾನೊ ಎಂಬ ಹೆಸರಿನ ಹಿಂದೆಯೇ ವಿಜ್ಞಾನವಿದೆ. ಅದಕ್ಕಿಂತ ಮೊದಲು ಯುರೋಪಿನಲ್ಲಿ ಹಾರ್ಪ್ಸಿಕಾರ್ಡ್ ಎಂಬ ವಾದ್ಯವಿತ್ತು. ಕೀ ಒತ್ತಿದರೆ ಒಳಗಿನ ಸಣ್ಣ ಕೊಕ್ಕೆಯೊಂದು ತಂತಿಯನ್ನು ಮೀಟುತ್ತಿತ್ತು. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಹೆಚ್ಚುಕಡಿಮೆ ಅಷ್ಟೇ ಸದ್ದು. ಇಟಲಿಯ ಫ್ಲಾರೆನ್ಸ್‌ನಲ್ಲಿದ್ದ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ ಎಂಬ ಕುಶಲಕರ್ಮಿ 1700ರ ಸುಮಾರಿಗೆ ಮೀಟುವ ಕೊಕ್ಕೆಯ ಬದಲು ಬಡಿಯುವ ಸುತ್ತಿಗೆಯನ್ನು ಅಳವಡಿಸಿದ. ಬೆರಳು ಕೀಯನ್ನು ಎಷ್ಟು ವೇಗವಾಗಿ ತಳ್ಳುತ್ತದೋ ಸುತ್ತಿಗೆಯೂ ಅಷ್ಟು ವೇಗವಾಗಿ ತಂತಿಗೆ ಬಡಿಯುತ್ತದೆ. ಮೆಲುದನಿಯೂ ಸಾಧ್ಯ, ಗಟ್ಟಿದನಿಯೂ ಸಾಧ್ಯ. ಇಟಾಲಿಯನ್ ಭಾಷೆಯಲ್ಲಿ ‘ಪಿಯಾನೊ’ ಎಂದರೆ ಮೆಲ್ಲಗೆ, ‘ಫೋರ್ಟೆ’ ಎಂದರೆ ಜೋರಾಗಿ. ಪಿಯಾನೊಫೋರ್ಟೆ ಎಂಬ ಹೆಸರು ಬಂದದ್ದು ಹೀಗೆ. ಆತ 1720ರಲ್ಲಿ ಮಾಡಿದ ಪಿಯಾನೊವೊಂದು ಇಂದಿಗೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ.

(ಪಿಯಾನೊ ನಮ್ಮ ನಾಡಿಗೆ ಅಪರಿಚಿತವೇನಲ್ಲ. ಮೈಸೂರಿನ ಕೊನೆಯ ಮಹಾರಾಜರಾದ ಜಯಚಾಮರಾಜ ಒಡೆಯರು ಅದನ್ನು ಶಾಸ್ತ್ರೋಕ್ತವಾಗಿ ಕಲಿತವರು. ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ನೆಲೆಸಿದ್ದಾಗ, 1940ರ ದಶಕದ ಕೊನೆಯ ವರ್ಷಗಳಲ್ಲಿ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದ್ದು ಇದೇ ಮಹಾರಾಜರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಅವರಿಗೆ ಅರ್ಪಿಸಿದ್ದಾರೆ.)

ಈಗ ಅಂಗಡಿಗೆ ಮರಳೋಣ. ತೀರಾ ಅಗ್ಗದ ಕೀಬೋರ್ಡುಗಳ ಕೀ ಬರೀ ಒಂದು ಸ್ವಿಚ್. ಬೀದಿದೀಪದ ಸ್ವಿಚ್ಚನ್ನು ಪ್ರೀತಿಯಿಂದ ಒತ್ತಿದರೂ ಸಿಟ್ಟಿನಿಂದ ಒತ್ತಿದರೂ ಬೆಳಕು ಅಷ್ಟೇ. ಹಾಗೆಯೇ ಇಲ್ಲಿ ಸದ್ದೂ ಅಷ್ಟೇ. ಅಂದರೆ ಮುನ್ನೂರು ವರ್ಷ ಹಿಂದಕ್ಕೆ ಹೋಗಿ ಹಾರ್ಪ್ಸಿಕಾರ್ಡ್ ಕೊಂಡ ಹಾಗಾಯಿತು! ನನಗೆ ತಿಳಿದಿರುವ ಏಳನೆಯ ತರಗತಿಯ ಹುಡುಗಿಯೊಬ್ಬಳು ಇಂಥದ್ದರ ಮೇಲೆ ಎರಡು ವರ್ಷ ತಪ್ಪದೆ ಅಭ್ಯಾಸ ಮಾಡಿದಳು. ಒಂದು ಕಾರ್ಯಕ್ರಮದಲ್ಲಿ ನಿಜವಾದ ಪಿಯಾನೊದ ಮುಂದೆ ಕುಳಿತಾಗ ಒಂದು ಸ್ವರ ಗುಡುಗಿತು, ಪಕ್ಕದ್ದು ಕೇಳಿಸಲೇ ಇಲ್ಲ. ಬೆರಳಿಗೆ ಸ್ವರ ಗೊತ್ತಿತ್ತು, ಬಲ ಗೊತ್ತಿರಲಿಲ್ಲ. ಮಗು ‘ನನಗೆ ಸಂಗೀತ ಬರುವುದಿಲ್ಲ’ ಎಂದು ತೀರ್ಮಾನಿಸಿಬಿಟ್ಟಿತು. ಆಕೆಯ ಪರಿಶ್ರಮದಲ್ಲಿ ದೋಷವಿರಲಿಲ್ಲ. ಉಳಿಸಿದ ಕೆಲವು ಸಾವಿರ ರೂಪಾಯಿ ಎರಡು ವರ್ಷಗಳ ಶ್ರಮವನ್ನೇ ನುಂಗಿತ್ತು. ಆದ್ದರಿಂದ ನನ್ನ ಮಟ್ಟಿಗೆ ಮೊದಲ ಷರತ್ತು ಇದು: ವಿವರಪತ್ರದಲ್ಲಿ ‘ಟಚ್ ಸೆನ್ಸಿಟಿವ್’ ಅಥವಾ ‘ಟಚ್ ರೆಸ್ಪಾನ್ಸ್’ ಎಂಬ ಮಾತಿರಲೇಬೇಕು. ಇಲ್ಲದಿದ್ದರೆ ಸಾವಿರ ಧ್ವನಿಗಳಿದ್ದರೂ ಬೇಡ.

ಯಂತ್ರಕ್ಕೆ ನಮ್ಮ ಬೆರಳಿನ ಬಲ ತಿಳಿಯುವುದಾದರೂ ಹೇಗೆ? ಬಲವನ್ನು ಅದು ಅಳೆಯುವುದೇ ಇಲ್ಲ, ಅಳೆಯುವುದು ಸಮಯವನ್ನು. ಕೀಯ ಕೆಳಗೆ ಎರಡು ಸಂಪರ್ಕ ಬಿಂದುಗಳಿರುತ್ತವೆ. ಕೀ ಇಳಿಯುವ ಸುಮಾರು 10 ಮಿಲಿಮೀಟರ್ ಹಾದಿಯಲ್ಲಿ ಮೊದಲು ಒಂದು ಮುಟ್ಟುತ್ತದೆ, ತುಸು ತಡವಾಗಿ ಇನ್ನೊಂದು. ನಡುವಣ ಅವಧಿ ಕಡಿಮೆಯಿದ್ದರೆ ವೇಗ ಹೆಚ್ಚು. ದೂರವನ್ನು ಕಾಲದಿಂದ ಭಾಗಿಸುವ ನಮ್ಮ ಶಾಲೆಯ ಸೂತ್ರವೇ! 1983ರಲ್ಲಿ ಬಳಕೆಗೆ ಬಂದ ‘ಮಿಡಿ’ ಎಂಬ ಒಪ್ಪಂದದ ಪ್ರಕಾರ ಈ ವೇಗವನ್ನು 1ರಿಂದ 127ರವರೆಗಿನ ಒಂದು ಸಂಖ್ಯೆಯಾಗಿ ಬರೆಯಲಾಗುತ್ತದೆ. ಆ ಸಂಖ್ಯೆಗೆ ತಕ್ಕಂತೆ, ನಿಜವಾದ ಪಿಯಾನೊದಿಂದ ಮೊದಲೇ ಮುದ್ರಿಸಿಕೊಂಡ ಧ್ವನಿ ಹೊರಬರುತ್ತದೆ. ಒಳ್ಳೆಯ ವಾದ್ಯಗಳಲ್ಲಿ ಒಂದೇ ಸ್ವರವನ್ನು ಮೆಲ್ಲಗೆ, ಮಧ್ಯಮವಾಗಿ, ಜೋರಾಗಿ ಬೇರೆ ಬೇರೆ ಮುದ್ರಿಸಿರುತ್ತಾರೆ. ಪಿಸುಮಾತಿನ ವಾಲ್ಯೂಮ್ ಏರಿಸಿದರೆ ಅದು ಕೂಗು ಆಗುವುದಿಲ್ಲ, ಅಲ್ಲವೇ? ಹಾಗೆಯೇ ಇದೂ.

ಇನ್ನು ಕೀಯ ಭಾರದ ಮಾತು. ಸಾಮಾನ್ಯ ಕೀಬೋರ್ಡಿನಲ್ಲಿ ಕೀಯನ್ನು ಮೇಲಕ್ಕೆ ತಳ್ಳುವುದು ಸ್ಪ್ರಿಂಗ್. ಡಿಜಿಟಲ್ ಪಿಯಾನೊದಲ್ಲಿ ತಂತಿ ಇಲ್ಲದಿದ್ದರೂ ಸಣ್ಣ ಸುತ್ತಿಗೆಗಳಂಥ ಭಾರವನ್ನು ಇಟ್ಟಿರುತ್ತಾರೆ, ಇದನ್ನು ‘ಹ್ಯಾಮರ್ ಆಕ್ಷನ್’ ಎನ್ನುತ್ತಾರೆ. ವ್ಯತ್ಯಾಸವೇನೆಂದರೆ, ಸ್ಪ್ರಿಂಗ್ ಹುಕ್‌ನ ನಿಯಮ ಪಾಲಿಸುತ್ತದೆ, ಆಳಕ್ಕೆ ಒತ್ತಿದಷ್ಟೂ ವಿರೋಧಿಸುತ್ತದೆ. ಸುತ್ತಿಗೆ ನ್ಯೂಟನ್ನನ ಎರಡನೆಯ ನಿಯಮ ಪಾಲಿಸುತ್ತದೆ, ಅವಸರದಿಂದ ತಳ್ಳಿದಷ್ಟೂ ವಿರೋಧಿಸುತ್ತದೆ. ಪಿಯಾನೊ ವಾದಕನ ಬೆರಳು ಪಳಗುವುದು ಈ ಎರಡನೆಯದರ ಜೊತೆ. ಆದ್ದರಿಂದ ಪಿಯಾನೊ ಗ್ರೇಡುಗಳನ್ನು ಮುಂದುವರಿಸುವ ಉದ್ದೇಶವಿದ್ದರೆ 88 ಕೀಗಳ ಹ್ಯಾಮರ್ ಆಕ್ಷನ್ ವಾದ್ಯವೇ ಬೇಕು. ಬೆಲೆ ಮಾತ್ರ ಟಚ್ ಇರುವ 61 ಕೀಗಳ ಸಾಧಾರಣ ಕೀಬೋರ್ಡಿನ ಎರಡು ಮೂರು ಪಟ್ಟು. ಒಮ್ಮೆಲೇ ಆಗದಿದ್ದರೆ 61 ಕೀಗಳದ್ದರಲ್ಲಿ ಶುರುಮಾಡಿ, ಮಗು ಒಂದೆರಡು ವರ್ಷ ಬಿಡದೆ ಕೂತರೆ ಬದಲಿಸುವುದು ಮಧ್ಯಮ ವರ್ಗದ ಮನೆಗೆ ಸರಿಯಾದ ದಾರಿ. ಸಾಲ ಮಾಡಿ ದೊಡ್ಡದು ತಂದು, ಅದರ ಮೇಲೆ ಇಸ್ತ್ರಿ ಬಟ್ಟೆ ಮಡಿಸಿಡುವ ಮನೆಗಳನ್ನು ನಾನು ಕಂಡಿದ್ದೇನೆ!

ಜೇಬಿನ ಸ್ಕೇಲ್ ಏಕೆ ಎಂದಿರಾ? ಕೆಲವು ವಾದ್ಯಗಳ ಕೀಗಳು ಸಣ್ಣವು, ಆಟಿಕೆಯ ಅಳತೆಯವು. ಅಂಥದ್ದರಲ್ಲಿ ಪಳಗಿದ ಕೈ ದೊಡ್ಡ ವಾದ್ಯದಲ್ಲಿ ದಾರಿ ತಪ್ಪುತ್ತದೆ. ಪೂರ್ಣ ಅಳತೆಯ ವಾದ್ಯದಲ್ಲಿ ಅಕ್ಕಪಕ್ಕದ ಏಳು ಬಿಳಿ ಕೀಗಳ ಒಟ್ಟು ಅಗಲ ಸುಮಾರು 16.5 ಸೆಂಟಿಮೀಟರ್. ಕಂಪಾಸ್ ಪೆಟ್ಟಿಗೆಯ 15 ಸೆಂ.ಮೀ. ಸ್ಕೇಲನ್ನು ಏಳು ಕೀಗಳ ಮೇಲಿಟ್ಟರೆ ಒಂದೂವರೆ ಸೆಂಟಿಮೀಟರಿನಷ್ಟು ಕೀ ಹೊರಗೆ ಉಳಿಯಬೇಕು. ಏಳು ಕೀಗಳೂ ಸ್ಕೇಲಿನೊಳಗೇ ಅಡಗಿದರೆ ಕೈಮುಗಿದು ಎದ್ದು ಬನ್ನಿ.

ಮತ್ತೊಂದು ಪರೀಕ್ಷೆ. ಕಾಲಿನ ಪೆಡಲ್ ಒತ್ತಿ ಹಿಡಿದು, ಎಡತುದಿಯ ಒಂದು ಕೀ ಬಾರಿಸಿ, ಅದು ಗುಂಯ್‌ಗುಡುತ್ತಿರುವಾಗಲೇ ಬಲಗಡೆಯ ಕೀಗಳ ಮೇಲೆ ಬೆರಳನ್ನು ಸಾಲಾಗಿ ಎಳೆಯಿರಿ. ಮೊದಲಿನ ಸ್ವರ ಥಟ್ಟನೆ ಕತ್ತರಿಸಿದಂತೆ ನಿಂತರೆ ಯಂತ್ರ ಏಕಕಾಲಕ್ಕೆ ನುಡಿಸಬಲ್ಲ ಸ್ವರಗಳ ಸಂಖ್ಯೆ ಮುಗಿಯಿತೆಂದು ಅರ್ಥ. ಇದನ್ನು ‘ಪಾಲಿಫೋನಿ’ ಎನ್ನುತ್ತಾರೆ. ಆರಂಭಕ್ಕೆ 32 ಸಾಕು, ಪಿಯಾನೊಗಾದರೆ 64 ಅಥವಾ 128 ಇರಲಿ. ಪೆಡಲ್ ಮತ್ತು ಇಯರ್‌ಫೋನ್ ಸಿಕ್ಕಿಸುವ ಜಾಗ ಇದೆಯೇ ಎಂದೂ ನೋಡಿಕೊಳ್ಳಿ.

ಕರ್ನಾಟಕ ಸಂಗೀತ ಕಲಿಯುವ ಮಕ್ಕಳ ಪಾಲಕರಿಗೆ ಇಲ್ಲಿ ಎರಡು ಮಾತು ಹೆಚ್ಚು ಹೇಳಬೇಕು. ನಮ್ಮ ಸಂಗೀತದ ಜೀವ ಗಮಕ. ಸ್ವರದಿಂದ ಸ್ವರಕ್ಕೆ ಜಾರುವ ಕೆಲಸವನ್ನು ವೀಣೆಯ ತಂತಿ, ಪಿಟೀಲಿನ ತಂತಿ ಮಾಡಬಲ್ಲವು. ಕೀಗೆ ಗೊತ್ತಿರುವುದು ಮೆಟ್ಟಿಲು ಮಾತ್ರ, ಇಳಿಜಾರಲ್ಲ. ಕೆಲವು ಕೀಬೋರ್ಡುಗಳ ಎಡಬದಿಯಲ್ಲಿರುವ ‘ಪಿಚ್ ಬೆಂಡ್’ ಚಕ್ರದಿಂದ ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ನೀಗಬಹುದು. ಚೆನ್ನೈನ ಕೆ. ಸತ್ಯನಾರಾಯಣನ್ ಅವರಂಥ ಕಲಾವಿದರು ಕೀಬೋರ್ಡಿನಲ್ಲೇ ಕಛೇರಿ ನಡೆಸುತ್ತಾರೆ ನಿಜ, ಆದರೆ ಅದು ಅಪಾರ ಸಾಧನೆಯ ಫಲ.

ಎರಡನೆಯದು ಶ್ರುತಿಯ ವಿಷಯ. ಪಾಶ್ಚಾತ್ಯರು ಒಂದು ಸ್ಥಾಯಿಯನ್ನು ಹನ್ನೆರಡು ಸಮ ಪಾಲು ಮಾಡಿದ್ದಾರೆ. ಪ್ರತಿ ಕೀಯ ಆವರ್ತನ ಹಿಂದಿನದರ 1.0595ರಷ್ಟು. ಹನ್ನೆರಡು ಹೆಜ್ಜೆಗೆ ಸರಿಯಾಗಿ ಎರಡರಷ್ಟಾಗುವ ಗುಣೋತ್ತರ ಶ್ರೇಢಿ ಇದು. ತಂಬೂರಿಯ ಷಡ್ಜ 261.6 ಹರ್ಟ್ಸ್ ಇದ್ದರೆ ಅದಕ್ಕೆ ಬೆರೆತು ನಿಲ್ಲುವ ಅಂತರ ಗಾಂಧಾರ ಅದರ ಐದು ಬಾಗಿಸು ನಾಲ್ಕು, ಅಂದರೆ 327 ಹರ್ಟ್ಸ್. ಕೀಬೋರ್ಡಿನ ಗಾಂಧಾರವೋ 329.6! ಪಂಚಮದಲ್ಲಿ ವ್ಯತ್ಯಾಸ ಕಿವಿಗೆ ಸಿಗದಷ್ಟು ಕಡಿಮೆ, ಗಾಂಧಾರದಲ್ಲಿ ಪಳಗಿದ ಕಿವಿಗೆ ಚುಚ್ಚುತ್ತದೆ. ಹಾರ್ಮೋನಿಯಂ ಮೇಲಿದ್ದ ದೂರುಗಳೂ ಇವೇ. ಆಕಾಶವಾಣಿ ಅದನ್ನು 1940ರಿಂದ 1971ರವರೆಗೆ ಹೊರಗಿಟ್ಟಿತ್ತು. ಹಾಗೆಂದು ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥ ದಿಗ್ಗಜರು ಅದನ್ನು ಕೈಬಿಡಲಿಲ್ಲ ಎಂಬುದೂ ನಿಜ. ಹಾಡುಗಾರಿಕೆ ಕಲಿಯುವ ಮಗುವಿಗೆ ಕೀಬೋರ್ಡ್ ಸ್ವರಸ್ಥಾನ ತೋರಿಸುವ ಕೈಮರವಾಗಬಹುದು. ಶ್ರುತಿಗೆ ತಂಬೂರಿಯೇ ಇರಲಿ.

ಕೊಂಡು ತಂದ ಮೇಲೆ? ಕುರ್ಚಿಯ ಎತ್ತರ ಮೊಣಕೈ ಕೀಗಳ ಮಟ್ಟಕ್ಕೆ ಬರುವಷ್ಟಿರಲಿ. ಹಾಸಿಗೆಯ ಮೇಲೆ ಇಟ್ಟುಕೊಂಡು ಬಗ್ಗಿ ನುಡಿಸಿದರೆ ಮಣಿಕಟ್ಟು ನೋಯುತ್ತದೆ. ‘ಟ್ರಾನ್ಸ್‌ಪೋಸ್’ ಎಂಬ ಗುಂಡಿಯನ್ನು ಮಗು ಆಟಕ್ಕೆ ಒತ್ತಿದ್ದರೆ ಒಂದು ಮನೆಯ ಕೀ ಒತ್ತಿದಾಗ ಎರಡು ಮನೆಯ ಶ್ರುತಿ ಕೇಳಿಸುತ್ತದೆ. ‘ವಾದ್ಯ ಕೆಟ್ಟಿದೆ’ ಎಂದು ರಿಪೇರಿಗೆ ಒಯ್ಯುವ ಮುನ್ನ ಅದು ಸೊನ್ನೆಯಲ್ಲಿದೆಯೇ ನೋಡಿ. ಅಡಾಪ್ಟರ್ ಹಾಳಾದರೆ ಸಿಕ್ಕಿದ್ದನ್ನು ಚುಚ್ಚಬೇಡಿ. ವೋಲ್ಟೇಜ್ ಮಾತ್ರವಲ್ಲ, ಪಿನ್ನಿನ ನಡುವೆ ಧನವೋ ಋಣವೋ ಎಂಬ ಗುರುತೂ ಹೊಂದಬೇಕು. ಬಹಳ ದಿನ ಬಳಸದಿದ್ದರೆ ಸೆಲ್ ತೆಗೆದಿಡಿ. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ತೇವ ಒಳಗಿನ ಸಂಪರ್ಕ ಬಿಂದುಗಳನ್ನು ಕೆಡಿಸುತ್ತದೆ, ಗೋಡೆಗೆ ತಾಗಿಸದೆ ಬಟ್ಟೆ ಮುಚ್ಚಿಡಿ. ಇಯರ್‌ಫೋನ್ ಪಕ್ಕದ ಮನೆಯವರಿಗೆ ವರ, ಕಿವಿಗೆ ಎಚ್ಚರಿಕೆ. ಮಕ್ಕಳಿಗೆ 75 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾಲ್ಯೂಮ್ ಅರ್ಧದ ಕೆಳಗಿರಲಿ.

ತಾನಾಗಿ ತಾಳ ಹಾಕುವ ಗುಂಡಿಗಳ ಬಗ್ಗೆ ಪಿಯಾನೊ ಕಲಿಯುವವರಿಗೆ ನನ್ನ ಸಲಹೆ ಸ್ವಲ್ಪ ಕಠೋರ: ಮೊದಲ ಆರು ತಿಂಗಳು ಅವುಗಳ ಮೇಲೆ ಕಾಗದದ ಪಟ್ಟಿ ಅಂಟಿಸಿ. ಒಂದು ಬೆರಳಿಗೆ ಇಡೀ ಬ್ಯಾಂಡ್ ನುಡಿಯುವಾಗ ಹತ್ತು ಬೆರಳಿಗೆ ಕೆಲಸ ಕೊಡಬೇಕೆಂದು ಯಾವ ಮಗುವಿಗೆ ಅನ್ನಿಸೀತು? ಮೆಟ್ರೊನೋಮಿನ ಟಿಕ್ ಟಿಕ್ ಒಂದು ಸಾಕು.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ. 61 ಕೀಗಳ ವಾದ್ಯದಲ್ಲಿ ಕ್ಲಾರಿನೆಟ್‌ನಂಥ, ಅಲುಗದೆ ನೇರವಾಗಿ ನಿಲ್ಲುವ ಧ್ವನಿ ಆರಿಸಿ. ಇಷ್ಟು ಮಂದ್ರವನ್ನು ಸಣ್ಣ ಸ್ಪೀಕರುಗಳು ಚೆನ್ನಾಗಿ ಕೊಡಲಾರವು, ಇಯರ್‌ಫೋನ್ ಹಾಕಿ. ಎಡತುದಿಯ ಬಿಳಿ ಕೀ 65.4 ಹರ್ಟ್ಸ್, ಅದರ ಪಕ್ಕದ ಕಪ್ಪು ಕೀ 69.3 ಹರ್ಟ್ಸ್. ಎರಡನ್ನೂ ಒಟ್ಟಿಗೆ ಒತ್ತಿ ಹಿಡಿಯಿರಿ. ಸದ್ದು ಅಲೆಯಂತೆ ಏರಿಳಿಯುತ್ತದೆ, ಸೆಕೆಂಡಿಗೆ ಸುಮಾರು ನಾಲ್ಕು ಬಾರಿ. ಇದೇ ಬೀಟ್ಸ್, ಎರಡು ಆವರ್ತನಗಳ ವ್ಯತ್ಯಾಸ. ಒಂದು ಸ್ಥಾಯಿ ಮೇಲೆ ಹೋಗಿ ಅದೇ ಜೋಡಿಯನ್ನು ಒತ್ತಿದರೆ ಏರಿಳಿತ ಎಷ್ಟಾಗಬೇಕು? ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ, ಆಮೇಲೆ ಕೀ ಒತ್ತಿ.